ಲೋಡು ಹೇರಿದಾಗ ಮಾತ್ರ ಹತ್ತಿಕೊಳ್ಳುತ್ತಿದ್ದ ಎಬಿಎಸ್ ಲೈಟು

ಜೂನ್ ಎರಡನೇ ವಾರ. ಶಿವಮೊಗ್ಗದಿಂದ ನನ್ನ ಪಿಕಪ್ ಗಾಡಿಯಲ್ಲಿ 20 ಮೂಟೆ ಗೊಬ್ಬರ ಹೇರಿಕೊಂಡು ತೀರ್ಥಹಳ್ಳಿ ಕಡೆ ಬರುತ್ತಿದ್ದೆ. ಜಿಟಿಜಿಟಿ ಮಳೆ. ಮಂಡಗದ್ದೆ ದಾಟಿದ ಮೇಲೆ ಒಂದು ಹಂಪ್ ಸಿಕ್ಕಿತು, ಗಾಡಿ ಕುಲುಕಿತು, ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಬಿಎಸ್ ಲೈಟು ಹತ್ತಿಕೊಂಡಿತು. ಎಬಿಎಸ್ ಅಂದರೆ ಜೋರು ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗಿ, ಅಂದರೆ ತಿರುಗೋದು ನಿಂತು, ಜಾರದ ಹಾಗೆ ತಡೆಯುವ ವ್ಯವಸ್ಥೆ. ಬ್ರೇಕ್ ಒತ್ತಿ ನೋಡಿದೆ, ಎಂದಿನ ಹಾಗೇ ಹಿಡಿಯಿತು. ನಿಧಾನಕ್ಕೆ ಮನೆಗೆ ಬಂದು ಮೂಟೆ ಇಳಿಸಿ ಕೀ ಆಫ್ ಮಾಡಿ ಆನ್ ಮಾಡಿದರೆ ಲೈಟು 3 ಸೆಕೆಂಡ್ ಉರಿದು ಆರಿಹೋಯಿತು. ಮಾರನೇ ದಿನ ಖಾಲಿ ಗಾಡಿಯಲ್ಲಿ 40 ಕಿಲೋಮೀಟರ್ ಓಡಾಡಿದೆ, ಬರಲೇ ಇಲ್ಲ. ಮತ್ತೆ ಲೋಡು ಹಾಕಿದ ದಿನ ಮತ್ತೆ ಬಂತು.

ಇದನ್ನು ಪೂರ್ತಿ ಸರಿ ಮಾಡುವ ಹೊತ್ತಿಗೆ ಐದು ವಾರ ಹಿಡಿಯಿತು. ಖರ್ಚಾದ ಸಾಮಾನು 300 ರೂಪಾಯಿಯ ಒಳಗೆ. ಇಂಥದೇ ತೊಂದರೆ ಇರುವವರಿಗೆ ಆ ಐದು ವಾರ ಉಳಿಯಲಿ ಅಂತ, ಏನೇನು ನೋಡಿದೆ, ಎಲ್ಲಿ ದಾರಿ ತಪ್ಪಿದೆ, ಎಲ್ಲಾ ಬರೆಯುತ್ತಿದ್ದೇನೆ.

ಮೊದಲು ಈ ಲೈಟು ಏನು ಹೇಳುತ್ತೆ ಅನ್ನೋದು. ಪ್ರತಿ ಚಕ್ರದ ಹತ್ತಿರ ಹಲ್ಲಿರುವ ಒಂದು ಕಬ್ಬಿಣದ ರಿಂಗ್ ಇರುತ್ತೆ, ಅದರ ಎದುರಿಗೆ ಒಂದು ಸೆನ್ಸರ್. ಚಕ್ರ ತಿರುಗಿದಾಗ ಹಲ್ಲುಗಳು ಸೆನ್ಸರಿನ ಮುಂದೆ ಹಾದುಹೋಗುತ್ತವೆ, ಅದರಿಂದ ಹುಟ್ಟುವ ಸಿಗ್ನಲ್ ಕಂಪ್ಯೂಟರಿಗೆ ಹೋಗುತ್ತೆ. ಕಂಪ್ಯೂಟರ್ ನಾಲ್ಕೂ ಚಕ್ರದ ವೇಗವನ್ನು ಹೋಲಿಸಿ ನೋಡುತ್ತಲೇ ಇರುತ್ತೆ. ಜೋರು ಬ್ರೇಕ್ ಹಾಕಿದಾಗ ಒಂದು ಚಕ್ರ ಉಳಿದವಕ್ಕಿಂತ ತಟ್ಟನೆ ನಿಧಾನವಾದರೆ ಅದು ಲಾಕ್ ಆಗುತ್ತಿದೆ ಅಂತ ಅರ್ಥ, ಆಗ ಆ ಚಕ್ರಕ್ಕೆ ಹೋಗುವ ಎಣ್ಣೆಯ ಒತ್ತಡವನ್ನು ವಾಲ್ವ್ ಬಿಟ್ಟು ಹಿಡಿದು ಬಿಟ್ಟು ಹಿಡಿದು ಮಾಡುತ್ತೆ. ಒಂದು ಸೆನ್ಸರಿನ ಮಾತು ನಂಬೋ ಹಾಗಿಲ್ಲ ಅನ್ನಿಸಿದರೂ ಕಂಪ್ಯೂಟರ್ ಎಬಿಎಸ್ ಆಫ್ ಮಾಡಿ ಹಳದಿ ಲೈಟು ಹಾಕುತ್ತೆ. ಆಗ ಮಾಮೂಲಿ ಬ್ರೇಕ್ ಇರುತ್ತೆ. ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳೋರು ಮಾತ್ರ ಯಾರೂ ಇರೋದಿಲ್ಲ.

ಹಳದಿಯ ಜೊತೆಗೆ ಕೆಂಪು ಬ್ರೇಕ್ ಲೈಟೂ ಬಂದರೆ ವಿಷಯ ಬೇರೆ. ಬ್ರೇಕ್ ಎಣ್ಣೆ ಕಡಿಮೆ ಆಗಿರಬಹುದು, ಇಲ್ಲವೇ ಹಿಂದಿನ ಚಕ್ರಕ್ಕೆ ಎಷ್ಟು ಬ್ರೇಕ್ ಹೋಗಬೇಕು ಅಂತ ಹಂಚುವ ಇಬಿಡಿ ಕೂಡ ಕೈ ಬಿಟ್ಟಿರಬಹುದು. ಅಂಥ ಗಾಡಿ ಓಡಿಸಬೇಡಿ, ಅಲ್ಲೇ ನಿಲ್ಲಿಸಿ ನೋಡಿ.

ಪಿಕಪ್‌ಗೆ ಇದು ಕಾರಿಗಿಂತ ಜಾಸ್ತಿ ಮುಖ್ಯ. ಖಾಲಿ ಇದ್ದಾಗ ಹಿಂದೆ ಭಾರವೇ ಇರೋದಿಲ್ಲ, ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿಯ ಬಾಲ ಅಡ್ಡ ತಿರುಗುತ್ತೆ. ಅಮೆರಿಕದಲ್ಲಿ 1987ರ ಫೋರ್ಡ್ ಎಫ್ ಸರಣಿಯ ಪಿಕಪ್‌ಗಳಿಗೆ ಎಬಿಎಸ್ ಬಂದಾಗ ಅದು ಹಿಂದಿನ ಚಕ್ರಗಳಿಗೆ ಮಾತ್ರ ಇತ್ತು, ಕಾರಣ ಇದೇ. ನನಗಂತೂ ವಾರಕ್ಕೆ ಒಂದು ಸಲ ಆಗುಂಬೆ ಘಾಟಿ ಇಳಿದು ಹೆಬ್ರಿ ಕಡೆ ಹೋಗೋ ಕೆಲಸ. 14 ಹೇರ್‌ಪಿನ್ ತಿರುವು, ಮಳೆಗಾಲ, ಮಂಜು, ಪಾಚಿ ಹಿಡಿದ ರಸ್ತೆ. ಲೈಟು ಉರಿಯುತ್ತಾ ಇರಲಿ ಬಿಡು ಅನ್ನೋಕೆ ಮನಸ್ಸು ಒಪ್ಪಲಿಲ್ಲ.

ಮೊದಲ ದಿನ ಸುಲಭದ್ದನ್ನೆಲ್ಲ ನೋಡಿದೆ. ಬ್ರೇಕ್ ಎಣ್ಣೆ ಗುರುತಿನ ಮಟ್ಟಕ್ಕೇ ಇತ್ತು. ಎಬಿಎಸ್‌ನ ಫ್ಯೂಸ್‌ಗಳು ಸರಿ ಇದ್ದವು. ಬ್ಯಾಟರಿ ನಿಂತಾಗ 12.5 ವೋಲ್ಟ್, ಎಂಜಿನ್ ಓಡುವಾಗ 14.1. ಬ್ಯಾಟರಿ ಟರ್ಮಿನಲ್ ಬಿಚ್ಚಿ ಉಜ್ಜಿ ಬಿಗಿ ಮಾಡಿದೆ. ವೋಲ್ಟೇಜ್ ಬಿದ್ದರೂ ಈ ಲೈಟು ಬರುತ್ತೆ, ಹಾಗಾಗಿ ಇದನ್ನು ಬಿಡಬಾರದು. ನಾಲ್ಕೂ ಟೈರಿನ ಗಾಳಿ, ಸೈಜು ನೋಡಿದೆ. ಒಂದು ಕಡೆ ಬೇರೆ ಸೈಜಿನ ಟೈರು ಇದ್ದರೆ ಆ ಚಕ್ರ ಬೇರೆ ವೇಗ ತೋರಿಸುತ್ತೆ, ಕಂಪ್ಯೂಟರಿಗೆ ಅದೂ ಅನುಮಾನವೇ. ನನ್ನದರಲ್ಲಿ ಎಲ್ಲ ಒಂದೇ.

ಆಮೇಲೆ ಒಂದು ಗ್ಯಾರೇಜಿಗೆ ಹೋದೆ. ಅವರು ಬಾನೆಟ್ ಎತ್ತಿ ನೋಡಿ, ಎಬಿಎಸ್ ಯೂನಿಟ್ಟೇ (ಆ ಕಂಪ್ಯೂಟರ್, ವಾಲ್ವ್ ಇರುವ ಡಬ್ಬಿ) ಹೋಗಿದೆ, ಬದಲಿಸಬೇಕು ಅಂದರು. ಹೇಳಿದ ರೇಟು ನನ್ನ ಎರಡು ತಿಂಗಳ ಬಾಡಿಗೆಯ ದುಡ್ಡು. ಸ್ಕ್ಯಾನರ್ ಹಾಕಿರಲಿಲ್ಲ, ಗಾಡಿ ಓಡಿಸಿಯೂ ನೋಡಿರಲಿಲ್ಲ. ಇನ್ನೊಬ್ಬರು ಮೀಟರ್ ಬಿಚ್ಚಿ ಆ ಲೈಟನ್ನೇ ತೆಗೆದುಬಿಡೋಣ ಅಂದರು. ಅದನ್ನಂತೂ ಯಾರೂ ಮಾಡಿಸಬೇಡಿ. ನಾಳೆ ಆ ಗಾಡಿ ಇನ್ನೊಬ್ಬರು ಓಡಿಸಬಹುದು, ಅವರಿಗೆ ಎಬಿಎಸ್ ಇಲ್ಲ ಅಂತ ಗೊತ್ತಾಗೋದು ಹೇಗೆ?

ನನ್ನ ಹತ್ತಿರ ಮೊಬೈಲಿಗೆ ಬ್ಲೂಟೂತ್‌ನಲ್ಲಿ ಸೇರುವ ಒಂದು ಸಣ್ಣ ರೀಡರ್ ಇತ್ತು. ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಪೋರ್ಟಿಗೆ ಹಾಕಿದರೆ "ಯಾವ ಫಾಲ್ಟೂ ಇಲ್ಲ" ಅಂತ ತೋರಿಸಿತು. ಇದನ್ನು ನಂಬಿ ಮೋಸ ಹೋಗೋರು ಬಹಳ ಜನ. ಇಂಥ ರೀಡರ್‌ಗಳಲ್ಲಿ ಹೆಚ್ಚಿನವು ಎಂಜಿನ್ನಿನ ಕೋಡ್, ಅಂದರೆ ತೊಂದರೆ ಎಲ್ಲಿದೆ ಅಂತ ಹೇಳುವ ನಂಬರ್, ಅಷ್ಟನ್ನು ಮಾತ್ರ ಓದುತ್ತವೆ. ಎಬಿಎಸ್‌ನ ಕಂಪ್ಯೂಟರ್ ಬೇರೆ, ಅದರ ಜೊತೆ ಮಾತಾಡುವ ಸ್ಕ್ಯಾನರ್ ಬೇಕು. ಊರಿನ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಹತ್ತಿರ ಅದಿತ್ತು. ಹಾಕಿ ನೋಡಿದರು. ಸಿ 0050, ಬಲ ಹಿಂದಿನ ಚಕ್ರದ ವೇಗದ ಸೆನ್ಸರ್ ಸರ್ಕ್ಯೂಟ್. ಸಾಮಾನ್ಯವಾಗಿ ಸಿ 0035 ಅಂದರೆ ಎಡ ಮುಂದಿನದು, 0040 ಬಲ ಮುಂದಿನದು, 0045 ಎಡ ಹಿಂದಿನದು. ಕೆಲವು ಕಂಪನಿಗಳು ತಮ್ಮದೇ ನಂಬರ್ ಇಟ್ಟಿರುತ್ತವೆ, ಹಾಗಾಗಿ ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕೋಡ್ ಹೇಳಿದ್ದು ಸರ್ಕ್ಯೂಟ್ ಅಂತ. ಸೆನ್ಸರ್ ಹೋಗಿದೆ ಅಂತ ಅದು ಹೇಳಿಲ್ಲ. ಸೆನ್ಸರ್, ಅದರ ಕನೆಕ್ಟರ್, ಅಲ್ಲಿಂದ ಬಾನೆಟ್ ಒಳಗಿನ ಯೂನಿಟ್ ತನಕ ಬರುವ ನಾಲ್ಕೈದು ಮೀಟರ್ ವೈರು, ಹಲ್ಲಿನ ರಿಂಗ್, ಬೇರಿಂಗ್ ಆಟ (ಸಡಿಲ), ಇಷ್ಟೂ ಆ ಒಂದು ಕೋಡಿನೊಳಗೆ ಬರುತ್ತವೆ. ಕೋಡ್ ನೋಡಿದ ತಕ್ಷಣ ಅಂಗಡಿಗೆ ಓಡಿ ಸೆನ್ಸರ್ ತರೋದು ದುಡ್ಡು ದಂಡ ಆಗೋ ದಾರಿ.

ಭಾನುವಾರ ಬೆಳಿಗ್ಗೆ ಕೆಲಸಕ್ಕೆ ಇಳಿದೆ. ಹಿಂದಿನ ಚಕ್ರ ಎತ್ತಬೇಕಾದರೆ ಹ್ಯಾಂಡ್‌ಬ್ರೇಕ್ ಬಿಡಲೇಬೇಕು, ಯಾಕಂದರೆ ಅದು ಹಿಡಿಯೋದೇ ಹಿಂದಿನ ಚಕ್ರವನ್ನು. ಹಾಗಾಗಿ ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಮರದ ತುಂಡು ಕೊಟ್ಟೆ. ಮಳೆಗಾಲದಲ್ಲಿ ನಮ್ಮ ಕಡೆ ನೆಲ ಜಾಕಿಯನ್ನು ನುಂಗುತ್ತೆ, ಕೆಳಗೆ ದಪ್ಪ ಹಲಗೆ ಇಟ್ಟು ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ಟ ಮೇಲೇ ಕೈ ಹಾಕಿದ್ದು.

ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದೆ, ಬೇರಿಂಗ್ ಆಟ ಇಲ್ಲ. ಆಕ್ಸಲ್ ಹೌಸಿಂಗ್ ಮೇಲಿರುವ ಕನೆಕ್ಟರ್ ಬಿಚ್ಚಿದೆ. ನನ್ನ ಗಾಡಿಯ ಸೆನ್ಸರ್ ಹಳೇ ಮಾದರಿಯದು, ಒಳಗೆ ಒಂದು ಮ್ಯಾಗ್ನೆಟ್, ಅದರ ಸುತ್ತ ತಾಮ್ರದ ಕಾಯಿಲ್, ಎರಡೇ ವೈರು. ಇದನ್ನು ಮಲ್ಟಿಮೀಟರಿನಲ್ಲಿ ಅಳೆಯಬಹುದು. ಬಲಗಡೆ 1.31 ಕಿಲೋ ಓಮ್ ಬಂತು, ಹೋಲಿಕೆಗೆ ಎಡಗಡೆ ನೋಡಿದರೆ 1.28. ಮೀಟರನ್ನು ಎಸಿ ವೋಲ್ಟಿಗೆ ಹಾಕಿ ಚಕ್ರವನ್ನು ಕೈಯಲ್ಲಿ ಸೆಕೆಂಡಿಗೆ ಒಂದು ಸುತ್ತಿನಂತೆ ತಿರುಗಿಸಿದೆ. ಬಲಗಡೆ 190 ಮಿಲಿವೋಲ್ಟ್, ಎಡಗಡೆ 320. ಬಲಗಡೆದು ಜೀವಂತ ಇದೆ, ಆದರೆ ಸೊರಗಿದೆ.

ಹೊಸ ಗಾಡಿಗಳಲ್ಲಿ ಹೆಚ್ಚಾಗಿ ಆ್ಯಕ್ಟಿವ್ ಸೆನ್ಸರ್ ಇರುತ್ತೆ, ಅದಕ್ಕೆ ಕಂಪ್ಯೂಟರಿನಿಂದ ವೋಲ್ಟೇಜ್ ಬರಬೇಕು, ಅದು ಸಿಗ್ನಲ್ ಕಳಿಸೋದು ಸುಮಾರು 7 ಮತ್ತು 14 ಮಿಲಿಆಂಪ್‌ಗಳ ನಡುವೆ ಕರೆಂಟ್ ಏರಿಳಿಸಿ. ಅದನ್ನು ಓಮ್‌ನಲ್ಲಿ ಅಳೆದರೆ ಏನೂ ತಿಳಿಯೋದಿಲ್ಲ, ಹಾಳಾಗೋ ಸಾಧ್ಯತೆಯೂ ಇದೆ. ಅಲ್ಲಿ ಕನೆಕ್ಟರಿಗೆ ಸಪ್ಲೈ ಬರುತ್ತಿದೆಯಾ ಅಂತ ನೋಡಿ, ಉಳಿದದ್ದನ್ನು ಸ್ಕ್ಯಾನರಿನಲ್ಲೇ ನೋಡಬೇಕು. ಇನ್ನೊಂದು, ಆ್ಯಕ್ಟಿವ್ ಸೆನ್ಸರ್ ಇರುವ ಎಷ್ಟೋ ಗಾಡಿಗಳಲ್ಲಿ ಹಲ್ಲಿನ ರಿಂಗ್ ಬದಲು ಬೇರಿಂಗಿನ ಸೀಲ್ ಒಳಗೇ ಮ್ಯಾಗ್ನೆಟ್ ಇರುತ್ತೆ. ಬೇರಿಂಗ್ ಬದಲಿಸಿದ ಮೇಲೆ ಲೈಟು ಬಂತು ಅಂತಾದರೆ, ಬೇರಿಂಗನ್ನು ಉಲ್ಟಾ ಕೂರಿಸಿದ್ದಾರಾ ಅಂತ ಮೊದಲು ನೋಡಿ.

ಸೊರಗಿದ ಸಿಗ್ನಲ್ ಯಾಕೆ ಅಂತ ಸೆನ್ಸರ್ ಬಿಚ್ಚಿದೆ. 10ರ ಸ್ಪ್ಯಾನರಿನ ಒಂದೇ ಬೋಲ್ಟು, ಆದರೆ ತುಕ್ಕು ಹಿಡಿದು ಕೂತಿತ್ತು. ಎಣ್ಣೆ ಬಿಟ್ಟು ಅರ್ಧ ಗಂಟೆ ಕಾದು, ಎಡಬಲ ತಿರುಗಿಸುತ್ತಾ ತಿರುಗಿಸುತ್ತಾ ಎಳೆದೆ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಪ್ಲಾಸ್ಟಿಕ್ ತಲೆ ಮುರಿದು ಅರ್ಧ ಒಳಗೇ ಉಳಿಯುತ್ತೆ, ಆ ಆತುರ ಬೇಡ. ಹೊರಗೆ ಬಂದಾಗ ತುದಿಯಲ್ಲಿ ಕಪ್ಪು ರೋಮದ ಹಾಗೆ ಕಬ್ಬಿಣದ ಪುಡಿ ಅಂಟಿತ್ತು, ಅದರ ಮೇಲೆ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಮ್ಯಾಗ್ನೆಟ್ ಅಲ್ವಾ, ಡ್ರಮ್ಮಿನಿಂದ ಸವೆದ ಕಬ್ಬಿಣವೆಲ್ಲ ಅಲ್ಲೇ ಸೇರುತ್ತೆ. ಬಟ್ಟೆಯಲ್ಲಿ ಒರೆಸಿದೆ, ಸೆನ್ಸರ್ ಕೂರುವ ಜಾಗದ ತುಕ್ಕನ್ನು ಎಮೆರಿ ಪೇಪರಿನಲ್ಲಿ ತೆಗೆದೆ. ಆ ತುಕ್ಕು ಸೆನ್ಸರನ್ನು ಮೇಲಕ್ಕೆ ಎತ್ತಿದರೆ ಹಲ್ಲಿಗೂ ಅದಕ್ಕೂ ನಡುವೆ ಇರಬೇಕಾದ ಕೂದಲೆಳೆ ಜಾಗ ಜಾಸ್ತಿ ಆಗಿ ಸಿಗ್ನಲ್ ಇಳಿಯುತ್ತೆ. ಚಕ್ರ ತಿರುಗಿಸುತ್ತಾ ಟಾರ್ಚ್ ಬಿಟ್ಟು ರಿಂಗಿನ ಹಲ್ಲು ಒಂದೊಂದೇ ನೋಡಿದೆ. ಮುರಿದಿಲ್ಲ, ಬಿರುಕು ಇಲ್ಲ. ಸೆನ್ಸರ್ ವಾಪಸ್ ಕೂರಿಸಿ ತಿರುಗಿಸಿದರೆ 310 ಮಿಲಿವೋಲ್ಟ್. ಸಿಕ್ಕಿತು ಅಂತ ಬಹಳ ಖುಷಿಯಾಯಿತು. ಕೋಡ್ ಅಳಿಸಿಕೊಂಡು ಬಂದೆ.

ಮೂರು ದಿನ ಖಾಲಿ ಗಾಡಿಯಲ್ಲಿ ಏನೂ ಇಲ್ಲ. ನಾಲ್ಕನೇ ದಿನ ಜಂಬಿಟ್ಟಿಗೆ ಕಲ್ಲು ಹೇರಿದೆ. ಮೊದಲನೇ ಹಂಪ್‌ಗೇ ಲೈಟು.

ಅಲ್ಲಿ ನಾನು ತಪ್ಪಿದ್ದು ಎಲ್ಲಿ ಅಂದರೆ, ಕನೆಕ್ಟರಿನಿಂದ ಸೆನ್ಸರ್ ಕಡೆಗೆ ಮಾತ್ರ ಅಳೆದಿದ್ದೆ. ಇನ್ನೊಂದು ಕಡೆ, ಯೂನಿಟ್ ತನಕದ ವೈರನ್ನು ಮುಟ್ಟಿಯೇ ಇರಲಿಲ್ಲ. ಗಾಡಿ ಮೊದಲ ದಿನದಿಂದ ಒಂದೇ ಸುಳಿವು ಕೊಡುತ್ತಿತ್ತು, ಲೋಡು ಇದ್ದಾಗ ಮಾತ್ರ ಅಂತ. ಲೋಡು ಹಾಕಿದರೆ ಸೆನ್ಸರಿಗೆ ಏನೂ ಆಗೋದಿಲ್ಲ, ಅದು ಆಕ್ಸಲ್ ಮೇಲೆ ಕೂತಿದೆ. ಬದಲಾಗೋದು ಆಕ್ಸಲ್‌ಗೂ ಚಾಸಿಗೂ (ಗಾಡಿಯ ಚೌಕಟ್ಟಿಗೂ) ನಡುವಿನ ಅಂತರ. ಕಮಾನು ಪಟ್ಟಿ ಚಪ್ಪಟೆಯಾಗಿ ಚಾಸಿ ಕೆಳಗಿಳಿಯುತ್ತೆ. ಆ ನಡುವೆ ತೂಗಾಡುವ ವಸ್ತು ಎರಡೇ: ಬ್ರೇಕ್ ಹೋಸ್ ಮತ್ತು ಸೆನ್ಸರ್ ವೈರು.

ಖಾತ್ರಿ ಮಾಡಿಕೊಳ್ಳೋಕೆ ಎಲೆಕ್ಟ್ರಿಷಿಯನ್ ಹತ್ತಿರ ಸ್ಕ್ಯಾನರನ್ನು ಒಂದು ಸಂಜೆಗೆ ಕೇಳಿ ತಂದೆ. ಕಲ್ಲಿನ ಲೋಡು ಹಾಗೇ ಇತ್ತು. ನಾನು ಓಡಿಸಿದೆ, ಅಕ್ಕನ ಮಗ ಪಕ್ಕದಲ್ಲಿ ಕೂತು ನಾಲ್ಕೂ ಚಕ್ರದ ವೇಗವನ್ನು ಓದುತ್ತಾ ಹೋದ. "ಮಾವ, 32, 32, 31, 32... ಈಗ ಬಲಗಡೆ ಹಿಂದಿನದು ಸೊನ್ನೆ! ಮತ್ತೆ 32 ಬಂತು!" ಹಂಪ್ ಸಿಕ್ಕಾಗೆಲ್ಲ ಸೊನ್ನೆ. ಈ ಲೈವ್ ಡೇಟಾ ನೋಡೋದು ಎಷ್ಟು ಉಪಯೋಗ ಅಂತ ಅವತ್ತು ಗೊತ್ತಾಯಿತು. ಈ ಕಾಯಿಲ್ ಮಾದರಿಯ ಸೆನ್ಸರಿಗೆ ಕೊಳೆ ಹಿಡಿದಿದ್ದರೆ ಅಥವಾ ಜಾಗ ಜಾಸ್ತಿ ಆಗಿದ್ದರೆ, ಗಾಡಿ ನಿಧಾನ ಆಗುವಾಗ ಉಳಿದ ಮೂರೂ ಇನ್ನೂ 8, 7 ಅಂತ ತೋರಿಸುತ್ತಿದ್ದಾಗಲೇ ಅದೊಂದು ಮೊದಲು ಸತ್ತುಹೋಗುತ್ತೆ, ಯಾಕಂದರೆ ವೇಗ ಕಡಿಮೆ ಆದ ಹಾಗೆ ಅದರ ವೋಲ್ಟೇಜೂ ಇಳಿಯುತ್ತೆ. ಯಾವ ವೇಗದಲ್ಲಾದರೂ ಸರಿ, ಕುಲುಕಿದಾಗ ತಟ್ಟನೆ ಸೊನ್ನೆಗೆ ಬಿದ್ದು ತಟ್ಟನೆ ಎದ್ದರೆ ಅದು ವೈರು ಅಥವಾ ಕನೆಕ್ಟರ್. ರಿಂಗಿನ ಒಂದು ಹಲ್ಲು ಮುರಿದಿದ್ದರೆ ಪ್ರತಿ ಸುತ್ತಿಗೂ ಒಮ್ಮೆ ಸಿಗ್ನಲ್ ಎಗರುತ್ತೆ.

ಮಾರನೇ ದಿನ ಲೋಡು ಇಳಿಸದೆ, ಸಿಮೆಂಟ್ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಚಕ್ರ ನೆಲದ ಮೇಲೇ ಇಟ್ಟು, ನಾಲ್ಕೂ ಕಡೆ ಮರದ ತುಂಡು ಕೊಟ್ಟೆ. ಲೋಡು ಇರುವ ಗಾಡಿಯನ್ನು ಜಾಕಿ ಮೇಲೆ ಎತ್ತಿ ಕೆಳಗೆ ನುಗ್ಗಬೇಡಿ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಎಬಿಎಸ್ ಯೂನಿಟ್ಟಿನ ದೊಡ್ಡ ಕನೆಕ್ಟರ್ ತೆಗೆದೆ. ವೈರಿಂಗ್ ನಕ್ಷೆ ನೋಡಿ ಬಲ ಹಿಂದಿನ ಸೆನ್ಸರಿನ ಎರಡು ಪಿನ್ನಿಗೆ ಮೀಟರ್ ಹಿಡಿದೆ. ಮೀಟರಿನ ಮುಳ್ಳನ್ನು ಪಿನ್ನಿನೊಳಗೆ ತುರುಕಿದರೆ ಪಿನ್ ಅಗಲವಾಗಿ ಹೊಸ ತೊಂದರೆ ಶುರುವಾಗುತ್ತೆ, ಹಾಗಾಗಿ ಸುಮ್ನೆ ತಾಗಿಸಿ ಹಿಡಿದೆ. 1.33 ಕಿಲೋ ಓಮ್. ಅಕ್ಕನ ಮಗ ಕೆಳಗೆ ಮಲಗಿ ಹಿಂದಿನಿಂದ ವೈರನ್ನು ಒಂದೊಂದು ಇಂಚು ಬಗ್ಗಿಸುತ್ತಾ ಬಂದ. 1.33, 1.33, 1.34. ಚಾಸಿಯಿಂದ ಆಕ್ಸಲ್‌ಗೆ ಜಿಗಿಯುವ ಜಾಗ ಬಂತು. ಮೀಟರ್ 4 ಅಂತ ತೋರಿಸಿತು, 19 ಅಂತ ತೋರಿಸಿತು, ಆಮೇಲೆ ಓಪನ್, ಅಂದರೆ ಸಂಪರ್ಕವೇ ಇಲ್ಲ.

ನಾನೂ ಕೆಳಗೆ ನುಗ್ಗಿ ನೋಡಿದೆ. ಹೊರಗಿನ ಕಪ್ಪು ಸಿಪ್ಪೆಗೆ ಏನೂ ಆಗಿರಲಿಲ್ಲ. ಎರಡು ಬೆರಳಲ್ಲಿ ಹಿಡಿದು ಸವರಿದರೆ ಆ ಒಂದು ಜಾಗದಲ್ಲಿ ಮಾತ್ರ ವೈರು ಒಳಗೆ ಮೂಳೆಯೇ ಇಲ್ಲದ ಹಾಗೆ ಮೆತ್ತಗಿತ್ತು. ಎಳೆದರೆ ರಬ್ಬರಿನ ಹಾಗೆ ಹಿಗ್ಗಿತು. ಬ್ಲೇಡಿನಲ್ಲಿ ಸೀಳಿದೆ. ಒಳಗೆ ತಾಮ್ರ ಇರಲಿಲ್ಲ, ಹಸಿರು ಕಿಲುಬು ಪುಡಿ ಇತ್ತು. ಎರಡು ವೈರಿನಲ್ಲಿ ಒಂದು ಪೂರ್ತಿ ತುಂಡಾಗಿತ್ತು, ಇನ್ನೊಂದರಲ್ಲಿ ಎರಡೇ ಎಳೆ ಉಳಿದಿತ್ತು. ಖಾಲಿ ಗಾಡಿಯಲ್ಲಿ ತುಂಡಾದ ತುದಿಗಳು ಒಂದಕ್ಕೊಂದು ತಾಗಿಕೊಂಡು ಕೆಲಸ ಮಾಡುತ್ತಿದ್ದವು. ಲೋಡು ಬಿದ್ದು ವೈರು ಅಲ್ಲೇ ಮಡಚಿಕೊಂಡಾಗ ಬಿಟ್ಟುಕೊಳ್ಳುತ್ತಿದ್ದವು.

ಅಲ್ಲೇ ಯಾಕೆ ಅನ್ನೋದಕ್ಕೂ ಉತ್ತರ ಕಣ್ಣೆದುರೇ ಇತ್ತು. ಎರಡು ವರ್ಷದ ಹಿಂದೆ ಕಮಾನಿಗೆ ಒಂದು ಪಟ್ಟಿ ಜಾಸ್ತಿ ಹಾಕಿಸಿದ್ದೆ. ಆಗ ವೈರು ಹಿಡಿಯುವ ರಬ್ಬರ್ ಕ್ಲಿಪ್ ಮುರಿದಿರಬೇಕು, ಅದರ ಬದಲು ಒಂದು ಪ್ಲಾಸ್ಟಿಕ್ ಟೈ ಬಿಗಿದಿತ್ತು. ಅದೂ ಬಹಳ ಬಿಗಿಯಾಗಿ. ಉದ್ದಕ್ಕೂ ಬಳುಕಬೇಕಾದ ವೈರು ಪ್ರತಿ ಕುಲುಕಿಗೂ ಆ ಟೈ ಅಂಚಿನಲ್ಲಿ ಒಂದೇ ಬಿಂದುವಿನಲ್ಲಿ ಬಗ್ಗಿದೆ. ತಂತಿಯನ್ನು ಕೈಯಲ್ಲಿ ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ಕೆಲಸ ರಸ್ತೆ ಮಾಡಿದೆ. ಆಮೇಲೆ ತೇವ ಸೇರಿಕೊಂಡು ಕಿಲುಬು.

ಆ ತುಂಡು ಹಾರ್ನೆಸ್ (ವೈರಿನ ಕಟ್ಟು) ಬಿಡಿಯಾಗಿ ಸಿಗಲಿಲ್ಲ. ಮುರಿದ ಜಾಗದಲ್ಲೇ ಜೋಡಿಸಿ ಟೇಪ್ ಸುತ್ತಿದರೆ ತಿಂಗಳೂ ಬಾಳೋದಿಲ್ಲ, ಯಾಕಂದರೆ ಬೆಸುಗೆ ಹಾಕಿದ ಜಾಗ ಗಟ್ಟಿಯಾಗುತ್ತೆ, ಬಳುಕುವ ಕಡೆ ಗಟ್ಟಿ ಜಾಗ ಇದ್ದರೆ ಅದರ ಪಕ್ಕದಲ್ಲೇ ಮತ್ತೆ ಮುರಿಯುತ್ತೆ. ಹಾಗಾಗಿ ಬಳುಕುವ ಭಾಗವನ್ನೇ ಪೂರ್ತಿ ತೆಗೆದೆ, ಸುಮಾರು 60 ಸೆಂಟಿಮೀಟರ್. ಒಂದು ಜಾಯಿಂಟ್ ಚಾಸಿ ಮೇಲೆ, ಇನ್ನೊಂದು ಆಕ್ಸಲ್ ಹೌಸಿಂಗ್ ಮೇಲೆ, ಎರಡೂ ಅಲುಗದ ಜಾಗ. ಎರಡೂ ಕಡೆ ತಾಮ್ರ ಹೊಳೆಯುವ ತನಕ ಹಳೇ ವೈರನ್ನು ಕತ್ತರಿಸುತ್ತಾ ಹೋದೆ, ಚಾಸಿ ಕಡೆ ಕಿಲುಬು ಒಂದು ಗೇಣು ಒಳಗೆ ಏರಿತ್ತು.

ಹೊಸ ವೈರು ಸಣ್ಣ ಎಳೆಗಳಿರುವ 0.75 ಚದರ ಮಿಲಿಮೀಟರಿನ ಆಟೋ ವೈರು. ಎರಡನ್ನೂ ಹುರಿ ಹೊಸೆದ ಹಾಗೆ ಹೊಸೆದೆ, ಮೊದಲಿದ್ದದ್ದೂ ಹಾಗೇ ಇತ್ತು. ಹೊಸೆದಿದ್ದರೆ ಪಕ್ಕದ ವೈರುಗಳ ಗಲಾಟೆ ಸಿಗ್ನಲ್‌ನೊಳಗೆ ಬರೋದು ಕಡಿಮೆ. ಬಣ್ಣಕ್ಕೆ ಬಣ್ಣ ಸೇರಿಸಿದೆ. ಎರಡು ಜಾಯಿಂಟ್ ಅಕ್ಕಪಕ್ಕ ಬರದ ಹಾಗೆ ಎರಡು ಇಂಚು ಹಿಂದೆ ಮುಂದೆ ಮಾಡಿ ಬೆಸುಗೆ ಹಾಕಿದೆ. ಮೇಲೆ ಒಳಗಡೆ ಅಂಟು ಇರುವ ಹೀಟ್ ಶ್ರಿಂಕ್ ಟ್ಯೂಬ್, ಬಿಸಿ ಮಾಡಿದಾಗ ಎರಡೂ ತುದಿಯಿಂದ ಅಂಟು ಉಕ್ಕಿ ಬರಬೇಕು, ಆಗಲೇ ನೀರು ಹೋಗೋದಿಲ್ಲ ಅಂತ ಧೈರ್ಯ. ಮಾಮೂಲಿ ಕಪ್ಪು ಟೇಪ್ ನಮ್ಮ ಮಳೆಗೆ ಸಾಲದು. ವೈರನ್ನು ಬ್ರೇಕ್ ಹೋಸ್ ಹೋಗುವ ದಾರಿಯಲ್ಲೇ ದೊಡ್ಡ ಬಳುಕು ಬಿಟ್ಟು ತಂದು, ಎರಡೂ ತುದಿಗೆ ವೈರು ಹಿಡಿಯುವ, ರಬ್ಬರ್ ಇರುವ ಪಿ ಕ್ಲಿಪ್ ಹಾಕಿದೆ. ಹೋಸನ್ನು ಎಲ್ಲೂ ಉಜ್ಜಬಾರದು, ಸೈಲೆನ್ಸರ್ ಹತ್ತಿರ ಹೋಗಬಾರದು, ಅದನ್ನು ಲೋಡು ಇದ್ದಾಗ, ಇಲ್ಲದಾಗ ಎರಡು ಸಲ ನೋಡಿದೆ.

ಯೂನಿಟ್ ಕಡೆಯಿಂದ ಮತ್ತೆ ಅಳೆದೆ. 1.31. ಅಕ್ಕನ ಮಗ ಎಷ್ಟು ಬಗ್ಗಿಸಿದರೂ ಅಲುಗಲಿಲ್ಲ. ಯಾವುದಾದರೂ ವೈರು ಗಾಡಿಯ ಮೈಗೆ ತಾಗಿದೆಯಾ ಅಂತ ಅರ್ಥ್‌ಗೂ ನೋಡಿದೆ, ಇಲ್ಲ. ಕನೆಕ್ಟರ್, ಬ್ಯಾಟರಿ ಸೇರಿಸಿ ಕೋಡ್ ಅಳಿಸಿದೆ. ಕೀ ಹಾಕಿದ ತಕ್ಷಣ ಲೈಟು ಹೋಗದಿದ್ದರೆ ಗಾಬರಿ ಬೇಡ, ಕೆಲವು ಗಾಡಿಗಳು ಸ್ವಲ್ಪ ದೂರ ಓಡಿಸಿ ನಾಲ್ಕೂ ಚಕ್ರ ಸರಿ ಇದೆ ಅಂತ ಕಂಡ ಮೇಲೇ ಲೈಟು ಆರಿಸುತ್ತವೆ.

ಅದೇ ಕಲ್ಲಿನ ಲೋಡಿನಲ್ಲಿ ಅದೇ ರಸ್ತೆಗೆ ಹೋದೆವು. ಏಳು ಹಂಪ್. ನಾಲ್ಕೂ ಚಕ್ರ ಒಂದೇ ವೇಗ. ಲೋಡು ಇಳಿಸಿದ ಮೇಲೆ ಯಾರೂ ಇಲ್ಲದ ಜಲ್ಲಿ ಮೈದಾನದಲ್ಲಿ 30ರ ವೇಗದಲ್ಲಿ ಬ್ರೇಕನ್ನು ಪೂರ್ತಿ ಒತ್ತಿದೆ. ಪೆಡಲ್ ಕಾಲಿನ ಕೆಳಗೆ ಟರ್ರ್ ಅಂತ ಮಿಡಿಯಿತು, ಗಾಡಿ ನೇರವಾಗಿ ನಿಂತಿತು. ಇಳಿದು ಹಿಂದೆ ಹೋಗಿ ನೋಡಿದರೆ ಜಲ್ಲಿಯಲ್ಲಿ ಉದ್ದ ಗೀರು ಇರಲಿಲ್ಲ, ತುಂಡು ತುಂಡಾದ ಗುರುತು ಮಾತ್ರ.

ಮರುದಿನ ಎಡಗಡೆಯ ವೈರು ನೋಡಿದೆ. ಅಲ್ಲೂ ಅಂಥದೇ ಟೈ, ಅಷ್ಟೇ ಬಿಗಿ. ವೈರು ಇನ್ನೂ ಗಟ್ಟಿಯಾಗಿತ್ತು. ಟೈ ಕತ್ತರಿಸಿ ತೆಗೆದು, ಬಳುಕು ಬಿಟ್ಟು, ಉಳಿದಿದ್ದ ಎರಡು ಪಿ ಕ್ಲಿಪ್ ಅಲ್ಲಿಗೆ ಹಾಕಿದೆ.